ತೊಳೆಯದೆ ಇಟ್ಟ ಕೋಟು

ಆ ಕೋಟು ನಮ್ಮಲ್ಲಿಗೆ ಬಂದದ್ದು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ. ತಂದವರು ಆಳಂದ ಕಡೆಯ ರೈತರು, ವಯಸ್ಸು ನಲವತ್ತೈದರ ಆಸುಪಾಸು. "ನಮ್ ಮುತ್ಯಾಂದು ರೀ ಮೇಡಂ. ನಿಜಾಮನ ಫೌಜಿನಾಗ ಇದ್ದ. ಒಗದು ಇಸ್ತ್ರಿ ಮಾಡಿ ತರಬೇಕಂತ ಮಾಡಿದ್ದೆ, ಪುರಸೊತ್ತೇ ಸಿಗಲಿಲ್ಲ" ಅಂದರು. ಮುತ್ಯಾ ಅಂದರೆ ಅಜ್ಜ. "ಇರಲಿ ಬಿಡ್ರಿ, ನಾವೇ ಒಗಸ್ತೀವಿ" ಅಂದೆ ನಾನು. ಈಗ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಅದು 2023ರ ಏಪ್ರಿಲ್. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಸೆಪ್ಟೆಂಬರ್ 17ಕ್ಕೆ 75 ವರ್ಷ ತುಂಬುವುದಿತ್ತು. ಕಲಬುರಗಿಯ ಹಳೆ ಊರಿನಲ್ಲಿ ನಮ್ಮದೊಂದು ಚಿಕ್ಕ ಮ್ಯೂಸಿಯಂ ಇದೆ. ಎರಡು ಕೋಣೆ, ಒಂದು ಪಡಸಾಲೆ. ಕಾಲ ಕೆಳಗೂ ಶಹಾಬಾದ್ ಪರಸಿ ಕಲ್ಲು, ತಲೆ ಮೇಲೂ ಶಹಾಬಾದ್ ಪರಸಿ. ನಾನು ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಸಂಜೆ ಹೊತ್ತು ಮತ್ತು ರಜೆಯ ದಿನ ಇದನ್ನು ನೋಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ನಾಣ್ಯ, ಹಿತ್ತಾಳೆ ಪಾತ್ರೆ, ಒಂದೆರಡು ಕತ್ತಿ, ಮುರಿದ ವೀರಗಲ್ಲು. ಕಲ್ಲಿಗೆ ಏನಾಗುತ್ತೆ ಅಲ್ವಾ? ಧೂಳು ಹೊಡೆದರೆ ಆಯಿತು. ಈ ಸಲ ಕಮಿಟಿಯವರು, ಜನರ ಮನೆಯಲ್ಲಿರುವ ಆ ಕಾಲದ ಬಟ್ಟೆ, ಬಾವುಟ, ಕಾಗದ ಸೇರಿಸಿ ಪ್ರದರ್ಶನ ಮಾಡೋಣ ಅಂದರು. ನಾನು ಹೂಂ ಅಂದುಬಿಟ್ಟೆ.

ಮೈಸೂರಿನಲ್ಲಿ ನನ್ನ ಗೆಳತಿಯೊಬ್ಬಳು ಹಳೆ ಬಟ್ಟೆ ಮತ್ತು ಕಾಗದಗಳ ಸಂರಕ್ಷಣೆ ಕೆಲಸ ಮಾಡುತ್ತಾಳೆ. ಕೋಟು ಒಗೆಯೋಕೆ ಯಾವ ಸೋಪು ಒಳ್ಳೆಯದು ಅಂತ ಕೇಳೋಕೆ ಅವಳಿಗೆ ಫೋನ್ ಮಾಡಿದೆ. ಒಂದು ಕ್ಷಣ ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, "ಮೊದಲು ಫೋಟೋ ತೆಗಿ. ಹಿಂದೆ, ಮುಂದೆ, ಒಳಗೆ, ಕಾಲರ್, ಕಂಕುಳು. ಜೇಬು ನೋಡು. ಎಲ್ಲಾ ಬರೆದಿಡು. ಆಮೇಲೆ ಕೈ ಕಟ್ಟಿ ಕೂತ್ಕೋ" ಅಂದಳು.

ಜೇಬಿನಲ್ಲಿ ಎರಡು ಅಡಿಕೆ ಚೂರು ಇದ್ದವು. ಒಣಗಿ ಪುಡಿಯಾದ ಬೀಡಿ ಎಲೆ ಇತ್ತು. ಕಾಲರಿನ ಒಳಗೆ ಬೆವರಿನ ಕಪ್ಪು ಪಟ್ಟಿ. ಎಡ ಕಂಕುಳಲ್ಲಿ ಖಾಕಿ ಬಟ್ಟೆಗೆ ಕರಿ ದಾರದಲ್ಲಿ ಯಾರೋ ಕೈಯಿಂದ ಹಾಕಿದ ತೇಪೆ. ನೀರಿಗೆ ಹಾಕಿದ್ದರೆ ಇದರಲ್ಲಿ ಅರ್ಧ ಹೋಗಿಬಿಡುತ್ತಿತ್ತು. ಉಳಿದ ಅರ್ಧವನ್ನು ನಾನೇ ಬಿಚ್ಚಿ, ಖಾಕಿ ದಾರದಿಂದ ಚೆಂದಾಗಿ ಹೊಲಿಸುತ್ತಿದ್ದೆ. ಅಡಿಕೆ ಚೂರುಗಳನ್ನು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ನಂಬರ್ ಬರೆದಾಗ, ನಮ್ಮ ಮ್ಯೂಸಿಯಂನ ಪ್ಯೂನ್ ಕಾಕಾ ನನ್ನ ಮುಖ ನೋಡಿ ಸುಮ್ಮನಾದರು.

ಜೇಬಿನಲ್ಲಿ ಇನ್ನೂ ಒಂದು ಇತ್ತು. ಕಂದು ಬಣ್ಣದ, ಮೈತುಂಬ ಕೂದಲಿನ ಸಣ್ಣ ಹುಳ. ಅದರ ಸಿಪ್ಪೆಗಳೂ ಬಿದ್ದಿದ್ದವು. ಕೋಟು ಉಣ್ಣೆಯದು. ಈ ಹುಳಕ್ಕೆ ಉಣ್ಣೆ, ಕೂದಲು, ರೇಷ್ಮೆ ಅಂದರೆ ಹಬ್ಬದ ಊಟ. ತೊಗರಿ ಬೇಳೆ ಡಬ್ಬಿಗೆ ಬೇವಿನ ಎಲೆ ಹಾಕುವ ಹಾಗೆ ಇಲ್ಲೂ ಹಾಕೋಣ ಅಂದರು ಕಾಕಾ. ಡಾಂಬರು ಗುಳಿಗೆ ಇಡೋಣ ಅಂದೆ ನಾನು. ಎರಡಕ್ಕೂ ಗೆಳತಿ ಬೇಡ ಅಂದಳು. ಬೇವು ಒಳಗಿರುವ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಎಲೆಯೇ ಪುಡಿಯಾಗಿ ಬಟ್ಟೆಗೆ ಅಂಟುತ್ತದೆ. ಡಾಂಬರು ಗುಳಿಗೆಯ ವಾಸನೆ ನಮ್ಮ ಆರೋಗ್ಯಕ್ಕೇ ಕೆಟ್ಟದ್ದು. ಅವಳು ಹೇಳಿದ ಮದ್ದು ಕೇಳಿ ನಗು ಬಂತು. "ಡೀಪ್ ಫ್ರೀಜರ್‌ನಲ್ಲಿ ಇಡು" ಅಂದಳು.

ಡೀಪ್ ಫ್ರೀಜರ್ ನಮಗೆಲ್ಲಿಂದ ಬರಬೇಕು? ನನ್ನ ಹಳೆ ವಿದ್ಯಾರ್ಥಿಯೊಬ್ಬನ ಐಸ್‌ಕ್ರೀಂ ಅಂಗಡಿ ಇದೆ. ಮೇ ತಿಂಗಳು, ಕಲಬುರಗಿ ಬಿಸಿಲು, ಅವನ ವ್ಯಾಪಾರದ ಕಾಲ. ಆ ಕಾಲದಲ್ಲೇ ಒಂದು ಫ್ರೀಜರ್ ಎರಡು ವಾರ ಬಿಟ್ಟುಕೊಡು ಅಂತ ಕೇಳಬೇಕು. "ಮೇಡಂ, ನಿಜಾಮನ ಕೋಟು ನಮ್ ಮಟ್ಕಾ ಕುಲ್ಫಿ ಸಂಗಟ ಇಡಬೇಕೇನ್ರಿ?" ಅಂದ. ಆದರೂ ಹಳೆಯ ಸಣ್ಣ ಫ್ರೀಜರ್ ಒಂದನ್ನು ಖಾಲಿ ಮಾಡಿ ಕೊಟ್ಟ.

ಕೋಟನ್ನು ಹಳೆ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ, ದಪ್ಪ ಪಾಲಿಥಿನ್ ಚೀಲಕ್ಕೆ ಹಾಕಿದೆವು. ಗಾಳಿ ಹಿಂಡಿ ತೆಗೆದು, ಬಾಯಿಗೆ ಟೇಪು ಸುತ್ತಿದೆವು. ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಎರಡನೇ ದಿನವೇ ನಾಲ್ಕು ತಾಸು ಕರೆಂಟ್ ಹೋಯಿತು. ಥಂಡಿ ನಿಧಾನಕ್ಕೆ ಏರಿಳಿದರೆ ಹುಳ ಅದಕ್ಕೆ ಒಗ್ಗಿಕೊಂಡುಬಿಡಬಹುದಂತೆ. ಹಾಗಾಗಿ ಮತ್ತೆ ಮೊದಲ ದಿನದಿಂದ ಎಣಿಸಿದೆವು. ಹೊರಗೆ ತೆಗೆದ ಮೇಲೂ ಚೀಲ ಬಿಚ್ಚುವ ಹಾಗಿರಲಿಲ್ಲ. ಫ್ರಿಜ್ಜಿನಿಂದ ತೆಗೆದ ಚೊಂಬಿನ ಮೈ ಬೆವರುತ್ತದಲ್ಲ, ಹಾಗೆ ಬಟ್ಟೆಯೂ ಬೆವರುತ್ತದೆ. ಚೀಲ ಮುಚ್ಚಿದ್ದರೆ ನೀರು ಚೀಲದ ಹೊರಗೇ ಕೂಡುತ್ತದೆ. ಒಂದಿಡೀ ದಿನ ಬಿಟ್ಟು ಬಿಚ್ಚಿದೆವು. ಹುಳ ಸತ್ತಿತ್ತು.

ಧೂಳು ತೆಗೆಯೋದು ಆಮೇಲೆ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆಗೆ ಇಟ್ಟು, ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಮೆತ್ತನೆ ಬ್ರಷ್ಷಿನಿಂದ ಧೂಳನ್ನು ಅದರ ಕಡೆಗೆ ತಳ್ಳಿದೆ. ಮಡಿಕೆಗಳಲ್ಲಿ ಬಿಳಿ ಪುಡಿ ಇತ್ತು. ಹಿಂದೆ ಟ್ರಂಕಿಗೆ ಡಿಡಿಟಿ ಚೆಲ್ಲುವುದು ಮಾಮೂಲಿ. ಮಾಸ್ಕ್, ಗ್ಲೌಸ್ ಇಲ್ಲದೆ ಮುಟ್ಟಬೇಡ ಅಂತ ಗೆಳತಿ ಎರಡು ಸಲ ಹೇಳಿದ್ದಳು. ಒಂದು ತೋಳಿಗೆ ಒಂದು ಸಂಜೆ ಹಿಡಿಯಿತು.

ಗುಂಡಿಗಳದ್ದು ಬೇರೆ ರಾಮಾಯಣ. ಹಿತ್ತಾಳೆ ಗುಂಡಿ ಕಪ್ಪಾಗಿ, ಸುತ್ತ ಹಸಿರು ಕಿಲುಬು ಹಿಡಿದಿತ್ತು. ಒಂದು ಮಧ್ಯಾಹ್ನ ನಾನು ಬರುವಷ್ಟರಲ್ಲಿ ಕಾಕಾ ಹುಣಸೆಹಣ್ಣು ನೆನೆಸಿ ಕೂತಿದ್ದರು. "ಬೆಳಕಿನ್ಯಾಗ ಹೊಳೀಬೇಕ್ರಿ ಮೇಡಂ, ಫೌಜಿನ ಗುಂಡಿ ಅಂದ್ರ!" ಅವರ ಮಾತಲ್ಲಿ ತಪ್ಪೇನೂ ಇಲ್ಲ, ಸಿಪಾಯಿ ದಿನಾ ಹೊಳೆಯಿಸಿದ್ದನ್ನೇ ಅವರೂ ಹೇಳಿದ್ದು. ಆದರೆ ಹುಳಿ ಇಳಿದರೆ ಗುಂಡಿಯ ಸುತ್ತ ಬಟ್ಟೆ ಕೆಡುತ್ತದೆ. ಒಣ ಹತ್ತಿಯಿಂದ ಒರೆಸಿ, ಗುಂಡಿ ಮತ್ತು ಬಟ್ಟೆಯ ನಡುವೆ ಪಾಲಿಯೆಸ್ಟರ್ ಹಾಳೆಯ ಸಣ್ಣ ಬಿಲ್ಲೆ ಕತ್ತರಿಸಿ ತೂರಿಸಿದೆವು. ಹುಣಸೆಹಣ್ಣು ಸಂಜೆ ಕಾಕಾನ ಮನೆಯ ಸಾರಿಗೆ ಹೋಯಿತು.

ಕೋಟಿನ ಜೊತೆ ಒಂದು ಕಾಗದವೂ ಬಂದಿತ್ತು. ಉರ್ದುವಿನಲ್ಲಿ, ಕರಿ ಶಾಯಿ, ಕೆಳಗೆ ಮೊಹರು. ನನಗೆ ಉರ್ದು ಅಂಕಿ ಮಾತ್ರ ಬರುತ್ತದೆ. 1357 ಅಂತ ಓದಿದೆ. ಹಿಜ್ರಿ 1357 ಅಂದರೆ 1938. ಸರಿ, ಮುತ್ಯಾ 1938ರಲ್ಲಿ ಸೇರಿದ್ದಾನೆ. ಮುತ್ಯಾ ಬರ್ಮಾ ಯುದ್ಧಕ್ಕೆ ಹೋಗಿದ್ದ ಅಂತ ಮನೆಯವರೂ ಹೇಳಿದ್ದರು. ನನಗೆ ಖುಷಿಯೋ ಖುಷಿ. ಬರ್ಮಾದ ಅರಾಕಾನಿನಲ್ಲಿ ಹೈದರಾಬಾದ್ ರೆಜಿಮೆಂಟಿನ ಪಲ್ಟನ್ ಒಂದನ್ನು ಮುನ್ನಡೆಸಿದವರು ನಮ್ಮ ಕೊಡಗಿನ ತಿಮ್ಮಯ್ಯ. ಕೋಟಿನ ಪಕ್ಕದ ಫಲಕಕ್ಕೆ ತಿಮ್ಮಯ್ಯನವರ ಹೆಸರು ಹಾಕಿ ಬರೆದೇಬಿಟ್ಟೆ.

ಅದನ್ನು ತಡೆದವರು ನಮ್ಮ ಓಣಿಯ ಚಾಚಾ. ತಾಲ್ಲೂಕು ಕಚೇರಿಯ ಹಳೆ ದಫ್ತರಗಳ ಮಧ್ಯೆ ನೌಕರಿ ಮುಗಿಸಿದವರು. ಕನ್ನಡಕ ಏರಿಸಿ ಕಾಗದ ನೋಡಿದರು. "ಬೇಟಿ, ಇದು ಹಿಜ್ರಿ ಅಲ್ಲ, ಫಸ್ಲಿ. ತಿಂಗಳು ನೋಡು, ಆಜುರ್ ಅಂತ ಐತಿ. ಮೊಹರಮ್, ಸಫರ್ ಇದ್ದಿದ್ರ ಹಿಜ್ರಿ." ನಿಜಾಮನ ಸರ್ಕಾರಿ ಕಾಗದಗಳಲ್ಲಿ ಫಸ್ಲಿ ವರ್ಷ ನಡೆಯುತ್ತಿತ್ತು. ನಾವು ಹೊಲದಲ್ಲಿ ಫಸಲು ಅನ್ನುತ್ತೇವಲ್ಲ, ಅದೇ ಮಾತು. ಬೆಳೆಯ ಲೆಕ್ಕಕ್ಕೆ ಹುಟ್ಟಿದ ಕಾಲಗಣನೆ. ಅಕ್ಟೋಬರಿನಲ್ಲಿ ಆಜುರ್ ತಿಂಗಳಿಂದ ವರ್ಷ ಶುರು. 590 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ. 1357ಕ್ಕೆ 590. ಕೂಡಿಸಿದೆ. 1947.

ಅಂದರೆ ಮುತ್ಯಾ ನಿಜಾಮನ ಫೌಜು ಸೇರಿದ್ದು ಭಾರತಕ್ಕೆ ಸ್ವಾತಂತ್ರ್ಯ ಬಂದ ಮೇಲೆ. ಬರ್ಮಾ ಯುದ್ಧ ಅಷ್ಟರಲ್ಲಿ ಮುಗಿದು ಎರಡು ವರ್ಷವಾಗಿತ್ತು. ಮುಂದಿನ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಸಂಸ್ಥಾನದೊಳಗೆ ಬಂತು, 17ಕ್ಕೆ ಎಲ್ಲ ಮುಗಿಯಿತು. ಅವನ ಫೌಜು ಆಗ ಎದುರಿನ ಕಡೆ ನಿಂತಿತ್ತು. ಇನ್ನೊಂದು ತಪ್ಪೂ ಆಗಲೇ ಹೊರಬಿತ್ತು. ತಿಮ್ಮಯ್ಯನವರಿದ್ದ 19ನೇ ಹೈದರಾಬಾದ್ ರೆಜಿಮೆಂಟು ಬ್ರಿಟಿಷ್ ಇಂಡಿಯಾದ ಸೇನೆಗೆ ಸೇರಿದ್ದು. ಹೆಸರು ಹೈದರಾಬಾದಿನದು, ಸಿಪಾಯಿಗಳು ಹೆಚ್ಚಾಗಿ ಉತ್ತರದ ಕುಮಾವೂನಿಗಳು, ಜಾಟರು, ಅಹೀರರು. 1945ರಲ್ಲಿ ಅದರ ಹೆಸರೇ ಕುಮಾವೂನ್ ರೆಜಿಮೆಂಟ್ ಅಂತ ಬದಲಾಯಿತು. ನಿಜಾಮನ ಸ್ವಂತ ಫೌಜು ಬೇರೆಯೇ. ಇತಿಹಾಸ ಪಾಠ ಮಾಡುವವಳು ನಾನು, ಹೆಸರು ನೋಡಿ ಮರುಳಾಗಿದ್ದೆ.

ಮೊಮ್ಮಗನಿಗೆ ಇದನ್ನು ಹೇಗೆ ಹೇಳೋದು? ಒಂದು ವಾರ ಮುಂದೂಡಿದೆ. ಕೊನೆಗೆ ಬಂದು ನೋಡಿ ಅಂತ ಕರೆಸಿ, ಚಾಚಾನ ಬಾಯಿಂದಲೇ ಹೇಳಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. "ಮತ್ತ ಬರ್ಮಾದ್ದು?" ಅಂದರು. ನಾನು ತಲೆ ಅಲ್ಲಾಡಿಸಿದೆ. ಚಹಾ ಕುಡಿದು ಹೋದರು. ಕೋಟು ವಾಪಸ್ ಕೇಳುತ್ತಾರೆ ಅಂದುಕೊಂಡೆ. ಎರಡು ದಿನ ಬಿಟ್ಟು ಫೋನ್ ಬಂತು. "ಬರ್ಮಾ ತೆಗೀರಿ. ಕಾಗದದಾಗ ಏನೈತಿ ಅದಷ್ಟೇ ಬರೀರಿ. ಆ ವರ್ಷ ಮನ್ಯಾಗ ಹೊಟ್ಟಿಗಿ ಇರ್ಲಿಲ್ಲಂತ, ನಮ್ಮ ಅತ್ತಿ ಹೇಳಿದ್ಲು." ಫಲಕದಲ್ಲಿ ನಾನು ಹೊಟ್ಟೆಯ ಮಾತು ಬರೆಯಲಿಲ್ಲ, ಅದಕ್ಕೆ ಕಾಗದದ ಆಧಾರ ಇರಲಿಲ್ಲ. ಈಗ ಅನ್ನಿಸುತ್ತದೆ, "ಮನೆಯವರು ಹೇಳುವಂತೆ" ಅಂತ ಸೇರಿಸಬಹುದಿತ್ತು.

ಇನ್ನೊಂದು ಕಡೆಯಿಂದ ಬಾವುಟ ಬಂದಿತ್ತು. ನಿವೃತ್ತ ಟೀಚರಮ್ಮ ಒಬ್ಬರು ತಂದದ್ದು. ಅವರ ತಂದೆ ಸೋಲಾಪುರ ಕಡೆಯ ಗಡಿ ಶಿಬಿರದಲ್ಲಿ ನಿಜಾಮನ ವಿರುದ್ಧ ಹೋರಾಡಿದವರು. ಕೈಮಗ್ಗದ ಖಾದಿ, ಮೂರು ಬಣ್ಣ, ನಡುವೆ ಚರಕ. 1947ರಲ್ಲಿ ಸಂಸ್ಥಾನದೊಳಗೆ ತ್ರಿವರ್ಣ ಹಾರಿಸಿದರೆ ಜೈಲು. ಸ್ವಾಮಿ ರಾಮಾನಂದ ತೀರ್ಥರನ್ನೂ ಆ ಆಗಸ್ಟಿನಲ್ಲೇ ಹಿಡಿದು ಒಳಗೆ ಹಾಕಿದ್ದರು. ಟ್ರಂಕಿನಲ್ಲಿ ಎಂಟು ಮಡಿಕೆಯಾಗಿ ಮಲಗಿದ್ದ ಬಾವುಟ ಮಡಿಕೆಯ ಗೆರೆಗುಂಟ ಹರಿದಿತ್ತು. ಮೂಲೆಯಲ್ಲಿ ಸೇಫ್ಟಿ ಪಿನ್ ತುಕ್ಕು ಹಿಡಿದು ಬಟ್ಟೆಯನ್ನೇ ತಿಂದಿತ್ತು. ಕಮಿಟಿಯ ಒಬ್ಬ ಸದಸ್ಯರು, ಹರಿದ ರಾಷ್ಟ್ರಧ್ವಜ ಇಟ್ಟುಕೊಳ್ಳಬಾರದು, ನಿಯಮದ ಪ್ರಕಾರ ಗೌರವದಿಂದ ಸುಡಬೇಕು ಅಂದರು. ಎದೆ ಝಲ್ಲೆಂದಿತು. ಚರಕದ ಬಾವುಟ ಕಾಂಗ್ರೆಸ್ಸಿನದು, 1947ರ ಜುಲೈ 22ರಂದು ರಾಷ್ಟ್ರಧ್ವಜ ಅಂತ ಒಪ್ಪಿದ್ದು ಅಶೋಕ ಚಕ್ರದ್ದು ಅಂತ ಅವರಿಗೆ ತಿಳಿಸಿ ಹೇಳಬೇಕಾಯಿತು. ಇನ್ನೊಬ್ಬರಿಗೆ ಸೆಪ್ಟೆಂಬರ್ 17ರ ಬೆಳಿಗ್ಗೆ ಇದನ್ನೇ ಕಂಬಕ್ಕೆ ಏರಿಸುವ ಆಸೆ! ಹುಬ್ಬಳ್ಳಿಯ ಬೆಂಗೇರಿಯಲ್ಲಿ ಮಾಡಿದ ಹೊಸ ರಾಷ್ಟ್ರಧ್ವಜ ತರಿಸಿ ಅದನ್ನು ಏರಿಸೋಣ ಅಂತ ಒಪ್ಪಿಸುವಷ್ಟರಲ್ಲಿ ಎರಡು ಮೀಟಿಂಗ್ ಆದವು.

ಬಾವುಟದ ಮಡಿಕೆ ಬಿಡಿಸೋಕೆ ಇಸ್ತ್ರಿ ಹಾಕುವ ಹಾಗಿಲ್ಲ. ಸ್ವಲ್ಪ ತೇವ ಕೊಟ್ಟರೆ ಎಳೆಗಳು ಸಡಿಲಾಗುತ್ತವೆ, ಆದರೆ ಮೊದಲು ಬಣ್ಣ ಪರೀಕ್ಷೆ ಮಾಡಬೇಕು. ಹೊಲಿಗೆಯ ಒಳ ಅಂಚಿಗೆ ಒದ್ದೆ ಹತ್ತಿ ಕಡ್ಡಿ ಮುಟ್ಟಿಸಿ, ಮೇಲೆ ಬಿಳಿ ಬ್ಲಾಟಿಂಗ್ ಪೇಪರ್ ಒತ್ತಿದೆ. ಕೇಸರಿ ಬಿಡಲಿಲ್ಲ. ಹಸಿರು ಬಿಟ್ಟಿತು. ಅಲ್ಲಿಗೆ ನೀರಿನ ಮಾತು ಮುಗಿಯಿತು. ದೊಡ್ಡ ಮೇಜಿನ ಮೇಲೆ ಹರಡಿ, ಮೇಲೆ ಆಮ್ಲವಿಲ್ಲದ ತೆಳು ಕಾಗದ ಹಾಸಿ, ಬಟ್ಟೆಯಲ್ಲಿ ಸುತ್ತಿದ ಸಣ್ಣ ಪರಸಿ ಚೂರುಗಳನ್ನು ಮಡಿಕೆಗುಂಟ ಇಟ್ಟೆವು. ದಿನಕ್ಕೊಮ್ಮೆ ಒಂದು ಬೆರಳು ಸರಿಸೋದು. ಜೂನ್ ಹೋಗಿ ಜುಲೈ ಬಂತು. ಮಳೆ ಶುರುವಾಗಿ ಗಾಳಿಯಲ್ಲಿ ತೇವ ಬಂದ ಮೇಲೆ ಖಾದಿ ತಾನಾಗಿಯೇ ಮೆತ್ತಗಾಯಿತು. ಏಪ್ರಿಲ್‌ನಲ್ಲಿ ನಮ್ಮ ತೇವಮಾಪಕ ಶೇಕಡಾ 22 ತೋರಿಸುತ್ತಿತ್ತು, ಈಗ 70 ದಾಟಿತ್ತು. ಬಟ್ಟೆಗೆ 50ರ ಆಸುಪಾಸು ಒಳ್ಳೆಯದು, ಅದಕ್ಕಿಂತ ಮುಖ್ಯ ದಿಢೀರ್ ಏರಿಳಿಯಬಾರದು. ಹಾಗಾಗಿ ಬಾವುಟವನ್ನು ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಟ್ಟು, ಕೋಣೆಗೆ ಸುಮ್ನೆ ಒಂದು ಫ್ಯಾನ್ ಹಚ್ಚಿದೆವು. ಎಸಿ ನಮ್ಮ ಬಜೆಟ್ಟಿಗೆ ದೂರದ ಮಾತು.

ಹರಿದ ಕಡೆಗೆ ಆಸರೆ ಬೇಕಿತ್ತು. ನನ್ನ ದೊಡ್ಡವ್ವ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಕರೆತಂದೆ. ಹೊಸ ಮಲ್‌ಮಲ್ ತಂದು, ಗಂಜಿ ಹೋಗಲಿ ಅಂತ ಮೂರು ಸಲ ಕುದಿಸಿ ಒಣಗಿಸಿದ್ದೆವು. ಅದನ್ನು ಬಾವುಟದ ಹಿಂದೆ ಹಾಸಿ ಹೊಲಿಯಬೇಕು. ದೊಡ್ಡವ್ವ ಕೂತವಳೇ ಕೌದಿಯ ಹಾಗೆ ಸರಸರ ದಾರ ಓಡಿಸಲು ಹೊರಟಳು. ಕೈ ಹಿಡಿದು ನಿಲ್ಲಿಸಿದೆ. ಸೂಜಿ ಎಳೆಯನ್ನು ಚುಚ್ಚಬಾರದು, ಎರಡು ಎಳೆಗಳ ನಡುವೆ ಇಳಿಯಬೇಕು. ದಾರ ಬಿಗಿಯಾಗಬಾರದು. ಹಳೆ ಬಟ್ಟೆಗಿಂತ ದಾರ ಗಟ್ಟಿ ಇದ್ದರೆ ನಾಳೆ ದಾರವೇ ಬಟ್ಟೆಯನ್ನು ಕೊಯ್ಯುತ್ತದೆ. ಬೇಕೆಂದಾಗ ಬಿಚ್ಚಲು ಬರಬೇಕು. "ಬಿಚ್ಚೂದಿದ್ರ ಯಾಕ ಹೊಲೀತಿ?" ಅಂತ ಬೈದಳು. ಆದರೆ ಅರ್ಧ ತಾಸಿನಲ್ಲಿ ಅವಳ ಕೈಗೆ ಅದು ಹತ್ತಿತು. ನನ್ನ ಹೊಲಿಗೆ ಈಗಲೂ ಬಾವುಟದ ಕೆಳಗಿನ ಅಂಚಿನಲ್ಲಿ ಕಾಣುತ್ತದೆ, ಅವಳದ್ದು ಹುಡುಕಿದರೂ ಸಿಗೋದಿಲ್ಲ.

ಇನ್ನು ನನ್ನ ಪಾಪದ ಕತೆ. ಟೀಚರಮ್ಮ ಬಾವುಟದ ಜೊತೆ ಶಿಬಿರದ ಒಂದು ನೋಟ್‌ಬುಕ್ ಕೊಟ್ಟಿದ್ದರು. ಜೋಳ ಎಷ್ಟು, ಬೆಲ್ಲ ಎಷ್ಟು, ಯಾರ ಪಾಳಿ ಯಾವ ರಾತ್ರಿ ಅಂತ ಪೆನ್ಸಿಲ್ಲಿನ ಬರಹ. ಪುಟದ ಕೆಳಗೆ ಒಂದು ಸಹಿಯ ಮೇಲೆ ನೊಣದ ಹಿಕ್ಕೆ. ಪೆನ್ಸಿಲ್ ತಾನೇ, ನೀರಿಗೆ ಏನಾಗುತ್ತೆ ಅಂದುಕೊಂಡು ಒದ್ದೆ ಹತ್ತಿಯಿಂದ ಒತ್ತಿದೆ. ಬೂದು ಬಣ್ಣದ ಸಹಿ ಕಣ್ಣೆದುರೇ ನೇರಳೆಯಾಗಿ ಹರಡಿತು. ಆಗಿನ ಕಾಲದಲ್ಲಿ ಕಾಪಿಯಿಂಗ್ ಪೆನ್ಸಿಲ್ ಅಂತ ಇತ್ತು. ಒಳಗೆ ಗ್ರಾಫೈಟ್ ಜೊತೆ ನೇರಳೆ ಬಣ್ಣ ಬೆರೆಸಿರುತ್ತಾರೆ, ನೀರು ತಾಗಿದರೆ ಶಾಯಿಯಾಗುತ್ತದೆ. ಅಳಿಸಿ ಬದಲಾಯಿಸಲು ಬಾರದಿರಲಿ ಅಂತ ಕಚೇರಿ, ಫೌಜುಗಳಲ್ಲಿ ಅದನ್ನೇ ಬಳಸುತ್ತಿದ್ದರು. ಗೊತ್ತಿರಲಿಲ್ಲ ಅನ್ನೋದು ನೆಪ. ಬಾವುಟಕ್ಕೆ ಮಾಡಿದ ಬಣ್ಣದ ಪರೀಕ್ಷೆಯನ್ನು ಕಾಗದಕ್ಕೂ ಮಾಡಬೇಕಿತ್ತು. ಹೆಸರಿನ ಮೊದಲ ಎರಡು ಅಕ್ಷರ ಉಳಿದಿವೆ. ಪೂರ್ತಿ ಹೆಸರು ನನ್ನ ಮೊಬೈಲಿನ ಫೋಟೋದಲ್ಲಿ ಇದೆ. ಆ ಫೋಟೋ ತೆಗೆದದ್ದು ಕೂಡ ಗೆಳತಿಯ ಹೆದರಿಕೆಗೆ. ರಿಜಿಸ್ಟರಿನಲ್ಲಿ ತಾರೀಕು ಹಾಕಿ, "ಪುಟ 14, ಸಹಿ ನನ್ನ ಕೈಯಿಂದ ಹರಡಿದೆ" ಅಂತ ಬರೆದು, ಟೀಚರಮ್ಮನ ಮನೆಗೆ ಹೋಗಿ ತಿಳಿಸಿದೆ. ಅವರು ನನಗಿಂತ ಜಾಸ್ತಿ ಸಮಾಧಾನದಲ್ಲಿದ್ದರು.

ಆಮೇಲೆ ಬಂದ ಒಬ್ಬ ಮಾಜಿ ಸೈನಿಕರ ಡಿಸ್ಚಾರ್ಜ್ ಸರ್ಟಿಫಿಕೇಟ್ ನೋಡಿದಾಗ ನನ್ನ ನೇರಳೆ ಕಲೆ ಚಿಕ್ಕದೆನಿಸಿತು. ಮಕ್ಕಳು ಪ್ರೀತಿಯಿಂದ ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದ್ದರು. ಬಿಸಿಗೆ ಪ್ಲಾಸ್ಟಿಕ್ ಕರಗಿ ಕಾಗದದ ಒಳಗೇ ಹೊಕ್ಕಿರುತ್ತದೆ, ಬಿಡಿಸಲು ಹೋದರೆ ಅಕ್ಷರವೂ ಬರುತ್ತದೆ. ಹಾಗೇ ಇಟ್ಟೆವು. ನಿಮ್ಮ ಮನೆಯಲ್ಲಿ ಇಂಥ ಕಾಗದ ಇದ್ದರೆ ದಯವಿಟ್ಟು ಆ ಅಂಗಡಿಗೆ ಒಯ್ಯಬೇಡಿ. ಪಾಲಿಯೆಸ್ಟರ್ ಕವರಿನಲ್ಲಿ ಸಡಿಲವಾಗಿ ಇಟ್ಟರೆ ಸಾಕು.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಬಟ್ಟೆ ಅಂಗಡಿಯಿಂದ ಬೊಂಬೆ ತಂದೆವು. ಕೋಟು ಹಾಕಿದರೆ ಎದೆಯ ಹತ್ತಿರ ಗುಂಡಿಯೇ ಸೇರುವುದಿಲ್ಲ. ಈಗಿನ ಬೊಂಬೆಗಳೆಲ್ಲ ಜಿಮ್ಮಿಗೆ ಹೋಗಿ ಬಂದಂತೆ ಇರುತ್ತವೆ. ಮುತ್ಯಾನ ಎದೆ 32 ಇಂಚು. ಕೊನೆಗೆ ದರ್ಜಿಯ ಹತ್ತಿರದ ಹೆಣ್ಣುಮಕ್ಕಳ ಬೊಂಬೆಯ ಮೇಲೆ ಪಾಲಿಯೆಸ್ಟರ್ ಹತ್ತಿ ಸುತ್ತಿ, ಮೇಲೆ ಒಗೆದ ಕಾಟನ್ ಹೊದಿಸಿ, ಕೋಟಿನ ಅಳತೆಗೆ ಭುಜ ಕಟ್ಟಿದೆವು. ಬಾವುಟವನ್ನು ನೇತು ಹಾಕಲಿಲ್ಲ. ತೂಕಕ್ಕೆ ಎಳೆ ಜಗ್ಗುತ್ತವೆ. ಓರೆ ಹಲಗೆಗೆ ಬಟ್ಟೆ ಹೊದಿಸಿ ಮಲಗಿಸಿದೆವು. ಪಡುವಣ ಕಿಟಕಿಗೆ ದಪ್ಪ ಬಟ್ಟೆ ಬಡಿದು, ಟ್ಯೂಬ್‌ಲೈಟ್ ತೆಗೆದು, ಸಣ್ಣ ಎಲ್‌ಇಡಿ ಹಾಕಿದೆವು. ಬಟ್ಟೆ, ಕಾಗದಕ್ಕೆ 50 ಲಕ್ಸ್ ಬೆಳಕು ಸಾಕು. ಬೆಳಕಿನಿಂದ ಹೋದ ಬಣ್ಣ ಕತ್ತಲಲ್ಲಿಟ್ಟರೆ ಮರಳಿ ಬರುವುದಿಲ್ಲ. ಅದಕ್ಕೆ ಮೂರು ತಿಂಗಳಿಗೆ ಮಾತ್ರ ಇಟ್ಟೆವು, ಗಾಜಿನ ಮೇಲೆ ಒಂದು ಖಾಕಿ ಪರದೆ. ನೋಡುವವರು ಎತ್ತಿ, ನೋಡಿ, ಇಳಿಸಬೇಕು. ಅವತ್ತು ಬಂದ ಗಣ್ಯರೊಬ್ಬರು "ಏನಿದು, ಕತ್ತಲಾಗ ಇಟ್ಟೀರಿ?" ಅಂದರು. ಶಾಲಾ ಮಕ್ಕಳಿಗೆ ಮಾತ್ರ ಪರದೆ ಎತ್ತೋದೇ ಖುಷಿ. ಒಬ್ಬ ಹುಡುಗ ಅಡಿಕೆ ಚೂರಿನ ಮುಂದೆ ನಿಂತು, ಇದನ್ನ ಇನ್ನೂ ತಿನ್ನಬಹುದಾ ಅಂತ ಕೇಳಿದ.

ಡಿಸೆಂಬರ್ 17ಕ್ಕೆ ಎಲ್ಲ ಒಳಗೆ ಹೋಯಿತು. ಬಾವುಟವನ್ನು ಮತ್ತೆ ಮಡಿಸಲಿಲ್ಲ. ಬಟ್ಟೆ ಅಂಗಡಿಯವರು ಎಸೆಯುವ ದಪ್ಪ ರಟ್ಟಿನ ಕೊಳವೆ ತಂದು, ರಟ್ಟಿನ ಆಮ್ಲ ತಾಗದಂತೆ ಪಾಲಿಯೆಸ್ಟರ್ ಹಾಳೆ ಸುತ್ತಿ, ಮೇಲೆ ಮಲ್‌ಮಲ್ ಸುತ್ತಿ, ಅದಕ್ಕೆ ಬಾವುಟ ಸುತ್ತಿದೆವು. ಕೋಟು ಕಬ್ಬಿಣದ ಕಪಾಟಿನಲ್ಲಿದೆ, ತೋಳುಗಳಲ್ಲಿ ತೆಳು ಕಾಗದದ ಸುರುಳಿ ತುಂಬಿದೆ. ಎರಡೂ ಒಂದೇ ಕಪಾಟು, ಬೇರೆ ಖಾನೆ. ಜಾಗ ಇಲ್ಲದ್ದಕ್ಕೆ ಹಾಗೆ.

ಹೋದ ತಿಂಗಳು ಚಿತ್ತಾಪುರ ಕಡೆಯಿಂದ ಹಿರಿಯರೊಬ್ಬರು ಬಂದಿದ್ದರು. ಅಣ್ಣನ ಮಿಲಿಟರಿ ಅಂಗಿ ತಂದಿದ್ದರು. ಬಿಳಿ ಪಂಚೆಯಲ್ಲಿ ಸುತ್ತಿ, ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಬಿಚ್ಚಿದರೆ ಅಂಗಿ ಪಳಪಳ, ತೋಳಿನ ಮಡಿಕೆ ಕತ್ತಿಯ ಅಲಗಿನ ಹಾಗೆ. "ನಿಮಗ ಕೊಡೂದು ಅಂತ ಚಂದಂಗ ಒಗದು, ಗಂಜಿ ಹಾಕಿ, ಇಸ್ತ್ರಿ ಮಾಡಿಸಿ ತಂದೀನ್ರಿ ಅವ್ವಾ" ಅಂದರು. ಜೇಬಿನೊಳಗೆ ಬೆರಳು ಹಾಕಿ ನೋಡಿದೆ. ಏನೂ ಇರಲಿಲ್ಲ.

"ಚಲೋ ಆತ್ರಿ" ಅಂದೆ. ಅವರಿಗೆ ಚಹಾ ತರಿಸಿ, ರಿಜಿಸ್ಟರ್ ತೆಗೆದು ಬರೆದೆ: ಒಂದು ಅಂಗಿ, ಖಾಕಿ, ಹತ್ತಿ. ಬರುವಾಗಲೇ ಒಗೆದಿತ್ತು.